ಶಲ್ಯದ ತುದಿ

“ಗುರುಗಳೇ, ಇಂಗ್ಲಿಷಿನಲ್ಲಿ ‘ಇಂಪ್ಲೋರ್’ ಅಂತ ಒಂದು ಪದವಿದೆಯಲ್ಲ, ಅದರ ಅರ್ಥ ತಿಳಿಯಿತು. ಬಳಸುವುದು ಹೇಗೆ?”

ತಿಪ್ಪೇಶ ಹೀಗೆ ಕೇಳಿದಾಗ ಮರುಳಯ್ಯನವರು ಮಠದ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಠಕ್ಕೆ ಬರುವ ಮೊದಲು ಅವರು ತಾಲ್ಲೂಕಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ತಿಪ್ಪೇಶ ಅವರ ಕೈಯಲ್ಲಿ ಪಾಠ ಹೇಳಿಸಿಕೊಂಡವನು, ಈಗ ಹೊಸ ವಕೀಲ. ಮರುದಿನ ಅವನು ಕೋರ್ಟಿನಲ್ಲಿ ಒಬ್ಬನೇ ನಿಂತು ನಡೆಸಬೇಕಾದ ಮೊದಲ ಕೇಸಿತ್ತು. ಓಬಮ್ಮ ಎಂಬ ಮುದುಕಿಯ ಮಗ ಜೈಲಿನಲ್ಲಿದ್ದ. ಅವನ ಪರವಾಗಿ ನ್ಯಾಯಾಧೀಶರನ್ನು ಬೇಡಿಕೊಳ್ಳಬೇಕಾಗಿತ್ತು.

ಓಬಮ್ಮನೂ ತಿಪ್ಪೇಶನ ಹಿಂದೆಯೇ ಮಠಕ್ಕೆ ಬಂದಿದ್ದಳು. ದಾರಿಯುದ್ದಕ್ಕೂ “ಸ್ವಾಮೀ, ಒಂದು ಮಾತು” ಎನ್ನುತ್ತಲೇ ಬಂದಿದ್ದಳು. ಮಠದ ಮೆಟ್ಟಿಲ ಹತ್ತಿರ ಇನ್ನೊಮ್ಮೆ ಅಂದಳು. “ಆಮೇಲೆ ಕಣಮ್ಮಾ, ಆಮೇಲೆ. ಈಗ ನಿನ್ನ ಕೆಲಸಕ್ಕೇ ಬಂದಿದ್ದೇನೆ” ಎಂದು ತಿಪ್ಪೇಶ ಆಕೆಯನ್ನು ಜಗುಲಿಯ ಮೇಲೆ ಕೂರಿಸಿ ಒಳಗೆ ಬಂದಿದ್ದ.

“ಅರ್ಥ ಏನು ತಿಳಿಯಿತು? ಹೇಳು ನೋಡೋಣ” ಎಂದರು ಗುರುಗಳು.

“ಕಣ್ಣೀರಿಟ್ಟು ಬೇಡುವುದು. ಬರೀ ಕೇಳುವುದಲ್ಲ, ವಿನಂತಿಯೂ ಅಲ್ಲ. ಬೇರೆ ದಾರಿಯೇ ಇಲ್ಲದವರು ಬೇಡುವುದು. ನಮ್ಮಲ್ಲಿ ಅಂಗಲಾಚುವುದು ಅನ್ನುತ್ತೇವಲ್ಲ, ಅದರ ಹತ್ತಿರ.”

“ಸರಿಯಾಗೇ ಇದೆ. ಮತ್ತೇನು ನಿನ್ನ ಸಂಕಟ?”

“ಅರ್ಜಿಯ ಮೊದಲಿಗೇ ಹಾಕಿದರೆ ಅತಿಯಾಯಿತು ಅನಿಸುತ್ತದೆ. ಕೊನೆಗೆ ಹಾಕಿದರೆ ಸಾಹೇಬರು ಅಲ್ಲಿಯವರೆಗೆ ಓದುತ್ತಾರೋ ಇಲ್ಲವೋ. ಆ ಪದ ಅವರ ಎದೆಗೆ ನಾಟಬೇಕು ಗುರುಗಳೇ. ನಾಳೆ ನಾನು ಎಡವಿದರೆ ಆ ಹುಡುಗನ ಗತಿ ಮುಗಿದ ಹಾಗೆ. ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ.”

ಗುರುಗಳು ಅವನ ಮುಖ ನೋಡಿದರು. ಬಾಗಿಲಾಚೆ ಜಗುಲಿಯ ಕಡೆಗೂ ಒಮ್ಮೆ ನೋಡಿದರು. ಮೊರವನ್ನು ಅವನ ಮುಂದಕ್ಕೆ ತಳ್ಳಿದರು.

“ಕೂತುಕೋ. ನನ್ನ ಮುಖ ನೋಡುತ್ತ ಕೂರಬೇಡ, ಅವರೆ ಸುಲಿ. ಹುಳುಕು ಬಂದರೆ ಪಕ್ಕಕ್ಕೆ ಹಾಕು” ಎಂದು ಹೇಳತೊಡಗಿದರು.

ಒಂದು ಸೀಮೆ. ಅದಕ್ಕೊಬ್ಬ ದೊರೆ. ಆ ದೊರೆಯ ಮುಂದೆ ಕಷ್ಟ ಹೇಳಿಕೊಳ್ಳಲು ಬಂದ ಪ್ರಜೆ ತಾನೇ ಬಾಯಿ ಬಿಡುವಂತಿರಲಿಲ್ಲ. ಅವನ ಪರವಾಗಿ ಆಡುವುದಕ್ಕೆಂದೇ ಕೆಲವರಿದ್ದರು. ಅವರನ್ನು ಬಿನ್ನಹದವರು ಎನ್ನುತ್ತಿದ್ದರು. ಬಿನ್ನಹದವನು ಮುಂದೆ ನಿಲ್ಲಬೇಕು, ಕಷ್ಟದವನು ಅವನ ಬೆನ್ನ ಹಿಂದೆ ನಿಲ್ಲಬೇಕು. ಮುಂದಿನವನ ಹೆಗಲ ಮೇಲಿನ ಶಲ್ಯದ ತುದಿಯನ್ನು ಹಿಂದಿನವನು ಕೈಯಲ್ಲಿ ಹಿಡಿದಿರಬೇಕು. ಹಿಂದಿನವನು ದೊರೆಗೆ ಕೇಳುವಂತೆ ತುಟಿಪಿಟಕ್ಕೆಂದರೂ ಬಿನ್ನಹ ಬಿದ್ದುಹೋಯಿತು. ಶಲ್ಯ ಯಾಕೆ ಹಿಡಿಯಬೇಕು ಎಂದು ಕೇಳಿದವರಿಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಬಂದ ಪದ್ಧತಿ, ಹಿಡಿಯುತ್ತಿದ್ದರು.

ಆ ಬಿನ್ನಹದವರಲ್ಲಿ ಒಬ್ಬ ಬಹಳ ದೊಡ್ಡವನು. ಎಂಥಾ ಮಾತುಗಾರ ಅಂತೀ! ಅವನು ಬಾಯಿ ತೆರೆದರೆ ಚಾಮರ ಬೀಸುವವರು ಕೈ ನಿಲ್ಲಿಸಿ ನಿಲ್ಲುತ್ತಿದ್ದರು. ಬೇಡುವುದಕ್ಕೆ ಎಷ್ಟು ಮಾತುಗಳುಂಟೋ ಅಷ್ಟೂ ಅವನ ನಾಲಿಗೆಯ ತುದಿಯಲ್ಲಿದ್ದವು. ಯಾವ ಮಾತಿಗೆ ದನಿ ತಗ್ಗಿಸಬೇಕು, ಯಾವ ಮಾತಿಗೆ ಗಂಟಲು ಕಟ್ಟಿದಂತೆ ಮಾಡಬೇಕು ಎಲ್ಲವೂ ಗೊತ್ತು. ಬಿನ್ನಹ ಮುಗಿಯುವ ಹೊತ್ತಿಗೆ ದೊರೆ ತೊಡೆ ತಟ್ಟಿ “ಭಲೆ!” ಎನ್ನುತ್ತಿದ್ದ. ಆ ಒಂದು ಭಲೆಗಾಗಿ ಅವನು ಹಗಲೆಲ್ಲ ಮನೆಯಲ್ಲಿ ಮಾತು ಕಟ್ಟುತ್ತ ಕೂತಿರುತ್ತಿದ್ದ.

ಒಮ್ಮೆ ಪೊರಕೆ ಕಟ್ಟುವ ಮುದುಕಿಯೊಬ್ಬಳು ಅವನ ಮನೆಬಾಗಿಲಿಗೆ ಬಂದು ಬಿದ್ದಳು. ಅವಳ ಮಗ ಅರಮನೆಯ ಕಾಡಿನಲ್ಲಿ ಜಿಂಕೆ ಹೊಡೆದು ಸಿಕ್ಕಿಬಿದ್ದಿದ್ದ. ಅದಕ್ಕೆ ಗಡಿಪಾರಿನ ಶಿಕ್ಷೆ. ಗಡಿಯಾಚೆಗೆ ಬರೀ ಕಾಡು. ಅಲ್ಲಿಗೆ ಅಟ್ಟಿದವರು ಏನಾದರು ಎಂಬ ಸುದ್ದಿ ಒಬ್ಬರದೂ ಬಂದದ್ದಿಲ್ಲ. ಮುದುಕಿ ಏನೋ ಹೇಳಲು ಹೋದಳು. ಇವನು ಕೈಯೆತ್ತಿ, “ನೀನು ಸುಮ್ಮನಿರು ತಾಯಿ, ಮಾತು ನನಗೆ ಬಿಡು” ಎಂದ.

ಮರುದಿನ ದೊರೆಯ ಮುಂದೆ ಅವನು ಆಡಿದ ಮಾತನ್ನು ಜನ ಆಮೇಲೂ ಬಹಳ ಕಾಲ ಹೇಳಿಕೊಂಡು ಬಾಯಿ ಚಪ್ಪರಿಸುತ್ತಿದ್ದರು. ಕರು ಕಳೆದುಕೊಂಡ ಹಸು ಬಂತು, ಗೂಡು ಬಿದ್ದ ಹಕ್ಕಿ ಬಂತು, ತಾಯಿಕರುಳಿನ ಮೇಲೆ ಒಂದು ಪದ್ಯವೂ ಬಂತು. ನಡುವೆ ಹಿಂದಿನಿಂದ ಮುದುಕಿ ಶಲ್ಯ ಎಳೆದಳು. ಇವನಿಗೆ ಮಾತಿನ ಎಳೆ ತಪ್ಪಿತು. ಸಂಭಾಳಿಸಿಕೊಂಡ. ಅವಳು ಮತ್ತೆ ಎಳೆದಳು. ಇವನಿಗೆ ರೇಗಿತು. ಮುಂದಕ್ಕೊಂದು ಹೆಜ್ಜೆ ಇಟ್ಟ. ಶಲ್ಯ ಅವಳ ಕೈಯಿಂದ ಜಾರಿ ಬಿತ್ತು.

ಬಿನ್ನಹ ಮುಗಿಯಿತು. ದೊರೆ ಭಲೆ ಅಂದ. ಇವನಿಗೆ ಜರಿಯಂಚಿನ ರೇಷ್ಮೆ ಶಲ್ಯ ಹೊದಿಸಿದ. ಆಮೇಲೆ “ಅಪ್ಪಣೆ ಅಪ್ಪಣೆಯೇ” ಎಂದು ಹುಡುಗನನ್ನು ಗಡಿಯಾಚೆಗೆ ಅಟ್ಟಿಸಿದ.

ದೊಡ್ಡ ಬಿನ್ನಹದವನಿಗೆ ಕೆಡುಕೆನಿಸಲಿಲ್ಲವೇ ಅಂದರೆ ಅನಿಸಿತು. ಆದರೆ ಅಂಥಾ ಬಿನ್ನಹಕ್ಕೂ ಕರಗದ ದೊರೆಯ ಎದೆ ಕಲ್ಲು ಎಂದುಕೊಂಡು ಮನೆಗೆ ಬಂದ. ಮುದುಕಿ ಶಲ್ಯ ಎಳೆದು ತನ್ನ ಮಾತು ಕೆಡಿಸಿದಳು ಎಂಬ ಸಿಟ್ಟೂ ಇತ್ತು. ಹೊಸ ಶಲ್ಯ ಅಲುಗದಂತೆ ಹೆಗಲ ಬಳಿ ಒಂದು ಬೆಳ್ಳಿಯ ಕೊಂಡಿ ಹಾಕಿಸಿಕೊಂಡ. ಅಲ್ಲಿಂದಾಚೆಗೆ ಹಿಂದಿನವರು ಎಷ್ಟು ಎಳೆದರೂ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಮಾತು ಇನ್ನೂ ಚೆನ್ನಾಯಿತು.

ಅವನಿಗೊಬ್ಬನೇ ಮಗ. ಅರಮನೆಯ ಕಣಜದ ಕಾವಲಿನ ಕೆಲಸ. ಒಂದು ರಾತ್ರಿ ಕಣಜಕ್ಕೆ ಬೆಂಕಿ ಬಿತ್ತು. ಕಾವಲಿನವನು ಗೋಡೆಗೊರಗಿ ನಿದ್ದೆ ಹೋಗಿದ್ದ. ದೀಪ ಉರುಳಿ, ಚೀಲಕ್ಕೆ ಹತ್ತಿ, ವರ್ಷದ ದವಸವೆಲ್ಲ ಬೂದಿಯಾಗಿ ಹೋಯಿತು. ಹುಡುಗನಿಗೆ ಕೋಳ ಹಾಕಿದರು. ನಾಳೆಯೇ ವಿಚಾರಣೆ, ನಾಳೆಯೇ ಗಡಿಪಾರು ಎಂದು ಊರೆಲ್ಲ ಮಾತಾಡಿಕೊಂಡಿತು.

ಸುದ್ದಿ ಕೇಳಿ ಅಪ್ಪನಿಗೆ ಕೈಕಾಲು ಆಡಲಿಲ್ಲ. ಯಾಕೆಂದರೆ ಆ ಸೀಮೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಬಿನ್ನಹದವನು ತನ್ನ ಮನೆಯವರಿಗಾಗಿ ತಾನೇ ಬಿನ್ನಹ ಮಾಡುವಂತಿಲ್ಲ. ಇನ್ನೊಬ್ಬನ ಶಲ್ಯ ಹಿಡಿದು ಹಿಂದೆ ನಿಲ್ಲಬೇಕು. ಅಷ್ಟೊಂದು ಮಾತು ನಾಲಿಗೆಯ ತುದಿಯಲ್ಲಿದ್ದವನ ಬಾಯಿಗೆ ಬೀಗ ಬಿತ್ತು ನೋಡು!

ಎದ್ದೆನೋ ಬಿದ್ದೆನೋ ಎಂದು ಉಳಿದ ಬಿನ್ನಹದವರ ಮನೆಗಳಿಗೆ ಓಡಿದ. ದೊರೆ ಕೆಂಡವಾಗಿದ್ದಾನೆ ಎಂದು ಒಬ್ಬನೂ ಒಪ್ಪಲಿಲ್ಲ. ಒಬ್ಬನಿಗೆ ಜ್ವರ ಬಂತು, ಇನ್ನೊಬ್ಬನಿಗೆ ನೆಂಟರು ಬಂದರು. ಕೊನೆಗೆ ಉಳಿದವನು ಮೂಲೆಮನೆಯವನು.

ಈ ಮೂಲೆಮನೆಯವನನ್ನು ಕಂಡರೆ ಇವನಿಗೆ ಮೊದಲಿನಿಂದಲೂ ತಾತ್ಸಾರ. ಅವನ ಮಾತು ನಾಲ್ಕು ಜನ ಕೇಳುವಂಥದ್ದಲ್ಲ. ನಡುವೆ ತಡವರಿಸುತ್ತಿದ್ದ, ನಿಲ್ಲುತ್ತಿದ್ದ, ಹಿಂದಕ್ಕೆ ತಿರುಗುತ್ತಿದ್ದ. ದೊರೆ ಅವನಿಗೆ ಯಾವತ್ತೂ ಭಲೆ ಅಂದದ್ದಿಲ್ಲ. ಅವನ ಹತ್ತಿರ ಇದ್ದದ್ದು ಒಂದೇ ನೂಲಿನ ಶಲ್ಯ, ಅದರ ತುದಿ ಚಿಂದಿಚಿಂದಿ. “ದನ ಅಗಿದು ಬಿಟ್ಟ ಹಾಗಿದೆ” ಎಂದು ಇವನೇ ಎಷ್ಟೋ ಸಲ ನಾಲ್ಕು ಜನರ ನಡುವೆ ನಗಾಡಿದ್ದುಂಟು. ಈಗ ಅವನ ಮುಂದೆಯೇ ಹೋಗಿ ಕೈಮುಗಿದ.

“ಬರುತ್ತೇನೆ ಅಣ್ಣ” ಎಂದ ಮೂಲೆಮನೆಯವನು. “ಹುಡುಗನಿಗೆ ಯಾಕೆ ನಿದ್ದೆ ಬಂತು? ಏನಾಗಿತ್ತು?”

“ಅದೆಲ್ಲ ನಿನಗೆ ಬೇಡ. ನಾನು ಹೇಳಿಕೊಟ್ಟದ್ದನ್ನು ಒಪ್ಪಿಸು, ಸಾಕು” ಎಂದ ಇವನು.

ತನ್ನ ಜೀವಮಾನದ ಬಿನ್ನಹಗಳಿಂದ ಒಳ್ಳೊಳ್ಳೆಯ ಮಾತುಗಳನ್ನೆಲ್ಲ ಆರಿಸಿ ಪೋಣಿಸಿಕೊಟ್ಟ. ಬೆಂಕಿಯದು ಗಾಳಿಯ ತಪ್ಪು, ದೀಪದ್ದು ಕುಂಬಾರನ ತಪ್ಪು, ನಿದ್ದೆಯದು ವಿಧಿಯ ಆಟ. ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನೂ ಹೇಳಿಕೊಟ್ಟ. ಮೂಲೆಮನೆಯವನು ತಲೆದೂಗಿ ತಲೆದೂಗಿ ಬಾಯಿಪಾಠ ಮಾಡಿಕೊಂಡ. ಹೋಗುವಾಗ, “ನಾಳೆ ಏನಾದರೂ ತಪ್ಪಿದರೆ ಎಳೆಯಿರಿ ಅಣ್ಣ, ಹಿಂಜರಿಯಬೇಡಿ. ಎಳೆಯಲಿಕ್ಕೇ ತಾನೆ ತುದಿ ಕೈಗೆ ಕೊಡುವುದು” ಎಂದ. ಇವನಿಗೆ ಆ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಎಂಥವನ ಕೈಗೆ ನನ್ನ ಮಗನನ್ನು ಕೊಟ್ಟೆನಪ್ಪಾ ಎಂದುಕೊಂಡ.

ಮರುದಿನ ದೊರೆಯ ಮುಂದೆ ಹುಡುಗನನ್ನು ತಂದು ನಿಲ್ಲಿಸಿದರು. ಹುಬ್ಬು ಸುಟ್ಟಿತ್ತು. ಅಂಗೈಯೆಲ್ಲ ಬೊಬ್ಬೆ. ಅಪ್ಪ ಮಗನ ಕಡೆ ನೋಡಲಾರದೆ ಶಲ್ಯದ ತುದಿ ಹಿಡಿದು ನಿಂತ. ಇಷ್ಟು ವರ್ಷ ಮುಂದೆ ನಿಂತವನು ಮೊದಲ ಸಲ ಹಿಂದೆ ನಿಂತಿದ್ದ. ಅಲ್ಲಿಂದ ದೊರೆಯ ಮುಖ ಸರಿಯಾಗಿ ಕಾಣುವುದಿಲ್ಲ ಎಂಬುದೂ ಅವನಿಗೆ ಆವತ್ತೇ ಗೊತ್ತಾದದ್ದು. ಕಾಣುವುದು ಮುಂದಿನವನ ಬೆನ್ನು ಮಾತ್ರ.

ಮೂಲೆಮನೆಯವನು ಶುರು ಮಾಡಿದ. ಮೊದಲ ಮಾತಿಗೇ ತಡವರಿಸಿದ. ಇವನ ಜೀವ ಬಾಯಿಗೆ ಬಂತು. ಆಮೇಲೆ ಹೇಗೋ ದಾರಿ ಸಿಕ್ಕಿತು. ಗಾಳಿ ಬಂತು, ದೀಪ ಬಂತು, ವಿಧಿ ಬಂತು. ದನಿ ತಗ್ಗಬೇಕಾದಲ್ಲಿ ತಗ್ಗಿತು. ಅಯ್ಯೋ, ಎಷ್ಟು ಚೆನ್ನಾಗಿತ್ತು! ಇವನೇ ಕಟ್ಟಿದ ಮಾತುಗಳು, ಒಂದರ ಮೇಲೊಂದು ಬರುತ್ತಿದ್ದವು. ಮಂತ್ರಿ ತಲೆದೂಗಿದ. ಇವನು ಕತ್ತು ಚಾಚಿ ಇಣುಕಿದ. ದೊರೆಯ ಮುಖ ಅರಳುತ್ತಿತ್ತು. ಕೈ ತೊಡೆಯ ಕಡೆಗೆ ಹೋಗುತ್ತಿತ್ತು. ಇನ್ನೇನು ಭಲೆ ಅನ್ನುತ್ತಾನೆ.

ಭಲೆ ಅಂದ ಮೇಲೆ ಏನಾಗುತ್ತದೆ ಎಂಬುದು ಆಗ ಅವನಿಗೆ ನೆನಪಾಯಿತು.

ದೊರೆ ಭಲೆ ಅನ್ನುತ್ತಾನೆ, ಮೂಲೆಮನೆಯವನಿಗೆ ಶಲ್ಯ ಹೊದಿಸುತ್ತಾನೆ, ಮಗನನ್ನು ಗಡಿಯಾಚೆಗೆ ಅಟ್ಟುತ್ತಾನೆ. ಕೂಗಬೇಕು ಅನಿಸಿತು. ಕೂಗಿದರೆ ಬಿನ್ನಹವೇ ಬಿದ್ದುಹೋಗುತ್ತದೆ. ಕೈಯಲ್ಲಿದ್ದದ್ದು ಒಂದು ತುಂಡು ಬಟ್ಟೆ. ಎಳೆದ.

ಮೂಲೆಮನೆಯವನು ಅರ್ಧ ಮಾತಿಗೇ ನಿಲ್ಲಿಸಿದ. ತಿರುಗಿದ. ಬಗ್ಗಿ ಕಿವಿ ಕೊಟ್ಟ.

ದೊರೆ ಕಾಯುತ್ತಿದ್ದಾನೆ, ಸಭೆಯೆಲ್ಲ ಕಾಯುತ್ತಿದೆ, ಮೂಲೆಮನೆಯವನೋ ಅವಸರವಿಲ್ಲದೆ ಬಗ್ಗಿ ನಿಂತಿದ್ದಾನೆ. ದೊಡ್ಡ ಬಿನ್ನಹದವನಿಗೆ ಒಂದು ಮಾತೂ ಹೊಳೆಯಲಿಲ್ಲ. ಹಸು, ಹಕ್ಕಿ, ಪದ್ಯ ಒಂದೂ ಬರಲಿಲ್ಲ. ಬಂದದ್ದು ಅಳು. ಆ ಅಳುವಿನ ನಡುವೆಯೇ, ಅಲ್ಲಿಯವರೆಗೆ ತಾನು ತನಗೂ ಹೇಳಿಕೊಳ್ಳದ ಒಂದು ಸಂಗತಿಯನ್ನು ಆ ಕಿವಿಯಲ್ಲಿ ಹೇಳಿದ.

ಮೂಲೆಮನೆಯವನು ದೊರೆಯ ಕಡೆಗೆ ತಿರುಗಿದ. “ಬುದ್ಧೀ, ಇಷ್ಟು ಹೊತ್ತು ಆಡಿದ್ದನ್ನು ಬಿಟ್ಟುಬಿಡಿ. ಹುಡುಗ ನಿದ್ದೆ ಮಾಡಿದ್ದು ನಿಜ. ರಾತ್ರಿಯೆಲ್ಲ ಕಾವಲು ಮಾಡಿ ಮನೆಗೆ ಬಂದವನನ್ನು ಈ ಅಪ್ಪ ಹಗಲು ಮಲಗಲು ಬಿಟ್ಟಿಲ್ಲ. ತನ್ನ ಮಾತು ಒಪ್ಪಿಸಿ ನೋಡಲು ಅವನನ್ನು ದೊರೆಯ ಹಾಗೆ ಎದುರಿಗೆ ಕೂರಿಸಿಕೊಂಡಿದ್ದಾನೆ. ಕಣ್ಣು ಮುಚ್ಚಿದರೆ ಗದರಿ ಎಬ್ಬಿಸಿದ್ದಾನೆ. ಅವನ ಬಾಯಿಂದ ಭಲೆ ಅನ್ನಿಸಿಕೊಂಡಿದ್ದಾನೆ. ಹಾಗೇ ಮತ್ತೆ ಕಾವಲಿಗೆ ಕಳಿಸಿದ್ದಾನೆ. ತಪ್ಪಿನಲ್ಲಿ ನನ್ನ ಪಾಲು ನನಗೆ ಕೊಡಿ, ಮಗನನ್ನು ಉಳಿಸಿ ಎಂದು ಬೇಡುತ್ತಿದ್ದಾನೆ. ಅಷ್ಟೇ ಬುದ್ಧೀ.”

ದೊರೆ ಭಲೆ ಅನ್ನಲಿಲ್ಲ. ತೊಡೆಯ ಮೇಲಿದ್ದ ಕೈಯನ್ನು ತೆಗೆದ. ಬಿನ್ನಹದವನನ್ನು ಬಿಟ್ಟು ಹಿಂದಿದ್ದವನ ಕಡೆಗೆ ನೋಡಿದ. ಆ ಚಾವಡಿಯಲ್ಲಿ ದೊರೆ ಹಿಂದೆ ನಿಂತವನನ್ನು ನೋಡಿದ್ದನ್ನು ಯಾರೂ ಕಂಡಿರಲಿಲ್ಲ. ಬಹಳ ಹೊತ್ತು ನೋಡಿ, “ಸುಟ್ಟ ಕಣಜವನ್ನು ಅಪ್ಪ ಮಗ ಸೇರಿ ಕಟ್ಟಿಕೊಡಲಿ. ಕಟ್ಟಿ ಮುಗಿಯುವವರೆಗೆ ಇಬ್ಬರೂ ಊರು ಬಿಟ್ಟು ಹೋಗಕೂಡದು” ಎಂದ.

ಮಗನ ಕೋಳ ಬಿಚ್ಚಿದರು. ಅಪ್ಪ ಓಡಿಹೋಗಿ ಅವನನ್ನು ತಬ್ಬಿಕೊಂಡ. ಹಾಗೆ ತಬ್ಬಿಕೊಂಡಾಗಲೂ ಮೂಲೆಮನೆಯವನ ಶಲ್ಯ ಅವನ ಕೈಯಲ್ಲೇ ಇತ್ತು. ಹೆಗಲಿಂದ ಜಾರಿ ಅವನ ಜೊತೆಗೇ ಬಂದುಬಿಟ್ಟಿತ್ತು. ನೋಡಿಕೊಂಡ. ತುದಿಯಲ್ಲಿ ಎಳೆ ಎಳೆ ಬಿಟ್ಟಿತ್ತು. ಎಷ್ಟು ಜನ ಎಳೆದಿದ್ದರೋ, ಎಷ್ಟು ಸಲ ಅವನು ತಿರುಗಿದ್ದನೋ. ತನ್ನ ಮನೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಷ್ಮೆ ಶಲ್ಯಗಳು ಅವನ ಕಣ್ಣ ಮುಂದೆ ಬಂದವು. ಒಂದರ ಅಂಚಿನಲ್ಲೂ ಎಳೆ ಬಿಟ್ಟಿರಲಿಲ್ಲ.

ಮಗನನ್ನು ಮನೆಗೆ ಬಿಟ್ಟವನು ಕೂರಲಿಲ್ಲ. ಹೆಂಡತಿ ತಟ್ಟೆ ಇಟ್ಟರೂ ಉಣ್ಣಲಿಲ್ಲ. ಹಾಗೇ ಎದ್ದು ಊರ ಹೊರಗಿನ ಪೊರಕೆಯವಳ ಗುಡಿಸಲಿಗೆ ಹೋದ. ಮುದುಕಿ ಕಡ್ಡಿ ಸೀಳುತ್ತ ಕೂತಿದ್ದಳು. ಅವಳ ಮುಂದೆ ನೆಲದ ಮೇಲೆ ಕೂತ. ಅವಳಿಗೆ ಗುರುತು ಸಿಕ್ಕಿತು, ಕಡ್ಡಿ ಸೀಳುತ್ತಲೇ ಇದ್ದಳು.

“ಆವತ್ತು ಶಲ್ಯ ಎಳೆದೆಯಲ್ಲ ತಾಯಿ” ಎಂದ. “ಏನು ಹೇಳಬೇಕಾಗಿತ್ತು?”

ಮುದುಕಿ ಕಡ್ಡಿಯ ಕಟ್ಟನ್ನು ಕೆಳಗಿಟ್ಟಳು.

“ಮಗನನ್ನು ಬಿಟ್ಟುಬಿಡಿ ಅಂತ ನಾನು ಕೇಳುತ್ತಿರಲಿಲ್ಲ ಕಣಪ್ಪ. ತಪ್ಪು ಮಾಡಿದ್ದ, ಬಿಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವನ ಜೊತೆ ನನ್ನನ್ನೂ ಕಳಿಸಿ ಅನ್ನಬೇಕಾಗಿತ್ತು. ಅಷ್ಟೇ.”

ಮರುಳಯ್ಯನವರು ಕತೆ ನಿಲ್ಲಿಸಿದರು. ಸುಲಿದ ಅವರೆಯನ್ನು ಎರಡೂ ಕೈಯಿಂದ ಪಾತ್ರೆಗೆ ತುಂಬಿದರು.

ತಿಪ್ಪೇಶನ ಕೈಯಲ್ಲಿ ಒಂದು ಅವರೆಕಾಯಿ ಹಾಗೇ ಉಳಿದಿತ್ತು. ಆ ಮುದುಕಿ ಆಮೇಲೆ ಏನು ಮಾಡಿದಳು, ದೊಡ್ಡ ಬಿನ್ನಹದವನು ಏನೆಂದ ಎಂದು ಕೇಳಬೇಕೆನಿಸಿತು. ಅರ್ಜಿಯಿದ್ದ ಚೀಲವನ್ನು ತೊಡೆಯ ಮೇಲಿಂದ ಕೆಳಗಿಟ್ಟ. ಹೊರಗೆ ಜಗುಲಿಯಲ್ಲಿ ಯಾರೋ ಮೆಲ್ಲಗೆ ಕೆಮ್ಮಿದ ಸದ್ದಾಯಿತು. ಅವನು ತಲೆಯೆತ್ತಲಿಲ್ಲ.

ಗುರುಗಳು ಬರಿದಾದ ಮೊರವನ್ನು ಗೋಡೆಗೆ ಒರಗಿಸಿ ಕೇಳಿದರು: “ಹೊರಗೆ ಕೂತಿರುವ ಆ ತಾಯಿಗೆ ಏನು ಬೇಕಂತೆ, ತಿಪ್ಪೇಶ?”